ಅಮೆರಿಕದ ಮೂಲನಿವಾಸಿಗಳ ನವಾಹೋ ಭಾಷೆಯ ‘ಸಿಡಿಯುವ ಕ’ ಅಂದರೆ ನಮ್ಮ ‘ಖ’ನೇ ಅಲ್ವಾ?

ಅಲ್ಲ. ಎರಡೂ ಜೋರಾಗಿ ಕೇಳುವುದರಿಂದ ಈ ಗೊಂದಲ ಸಹಜ. ‘ಖ’ ಅನ್ನುವಾಗ ಉಸಿರು ಶ್ವಾಸಕೋಶದಿಂದ ನುಗ್ಗುತ್ತದೆ. ಈ ಸಿಡಿಯುವ ವ್ಯಂಜನಕ್ಕೆ (ಎಜೆಕ್ಟಿವ್) ಆ ಉಸಿರೇ ಬೇಡ. ನಾಲಿಗೆಯ ಹಿಂಭಾಗ ಮೇಲೆ ದಾರಿ ಮುಚ್ಚುತ್ತದೆ, ಗಂಟಲಲ್ಲಿ ಧ್ವನಿತಂತುಗಳು ಬಿಗಿಯಾಗಿ ಸೇರುತ್ತವೆ. ನಡುವೆ ಒಂದಿಷ್ಟು ಗಾಳಿ ಸಿಕ್ಕಿಬೀಳುತ್ತದೆ. ಧ್ವನಿಪೆಟ್ಟಿಗೆ ಮೇಲೇರಿ ಅದನ್ನು ಒತ್ತುತ್ತದೆ. ನಾಲಿಗೆ ಬಿಟ್ಟ ಕೂಡಲೇ ‘ಟಕ್’ ಅಂತ ಸಿಡಿತ! ಉಸಿರು ಬಿಗಿಹಿಡಿದು ‘ಕ್’ ಅನ್ನಲು ಪ್ರಯತ್ನಿಸಿ, ಹತ್ತಿರ ಬರುತ್ತದೆ. (ಬಸ್ಸಲ್ಲಿ ಬೇಡ, ಪಕ್ಕದವರು ಎದ್ದು ಹೋಗ್ತಾರೆ.)

ನವಾಹೋದಲ್ಲಿ ‘ಕ’ದಂಥ ಧ್ವನಿ ಮೂರು ಬಗೆ. ಮೊಲಕ್ಕೆ ‘ಗಹ್’ ಎಂದು ಬರೆದರೂ ಕೇಳಿಸುವುದು ಹೆಚ್ಚುಕಡಿಮೆ ನಮ್ಮ ‘ಕ’. ಎರಡನೆಯದು ಉಸಿರು ತುಂಬಿದ್ದು, ‘ಖ’ಗಿಂತಲೂ ಒರಟು. ಮೂರನೆಯದೇ ಸಿಡಿಯುವುದು: ಮೋಡಕ್ಕೆ ‘ಕ್ʼಓಸ್’ (ನಡುವಿನ ಚಿಹ್ನೆ ಸಿಡಿತದ ಗುರುತು). ನನಗೆ ಇಷ್ಟವಾದ ಸಂಗತಿ ಅಂದರೆ, ಇಲ್ಲಿ ನಾಲಿಗೆ ಬಿಟ್ಟರೂ ಗಂಟಲು ತಕ್ಷಣ ಬಿಡುವುದಿಲ್ಲ. ಸಿಡಿತಕ್ಕೂ ಸ್ವರಕ್ಕೂ ನಡುವೆ ಚಿಕ್ಕ ಮೌನ ಇರುತ್ತದೆ. ಆಫ್ರಿಕಾದ ಹೌಸಾ ಭಾಷೆಯಲ್ಲೂ ಇಂಥ ‘ಕ’ ಇದೆ, ಆದರೆ ಅಲ್ಲಿ ಆ ಮೌನ ತುಂಬಾ ಗಿಡ್ಡ.

ನವಾಹೋ ಸೇರಿರುವ ಅಥಬಾಸ್ಕನ್ ಭಾಷಾ ಕುಟುಂಬ ಅಲಾಸ್ಕಾದಿಂದ ಅರಿಜೋನಾವರೆಗೆ ಹರಡಿದೆ. ಪದದ ಕೊನೆಯ ಇಂಥ ಧ್ವನಿಗಳು ಸವೆದು ಹಲವು ಕಡೆ ಸ್ವರದ ಏರಿಳಿತವಾಗಿ ಉಳಿದಿವೆ. ತಮಾಷೆ ನೋಡಿ, ಇದೇ ಕುಟುಂಬದ, ಕೆನಡಾದ ಚಿಪವಾಯನ್ ಭಾಷೆಯಲ್ಲಿ ಅದು ಏರುದನಿ, ನವಾಹೋದಲ್ಲಿ ಇಳಿದನಿ.