ಎಕ್ಸ್‌ರೇಗೆ ಕೆಂಡ ಕಾಣುವುದಿಲ್ಲ

ನಮಸ್ಕಾರ.

ತಕ್ಕ ಎರಡು ಪುಡಿಗಳನ್ನು ಬೆರೆಸಿ, ಒತ್ತಿ ಬಿಲ್ಲೆ ಮಾಡಿ, ಒಂದು ತುದಿಗೆ ಬಿಸಿ ಮುಟ್ಟಿಸಿದರೆ ಉರಿ ತಾನಾಗಿಯೇ ಇನ್ನೊಂದು ತುದಿಯವರೆಗೆ ಹರಿಯುತ್ತದೆ. ಅದನ್ನು ಎಕ್ಸ್‌ರೇಯಲ್ಲಿ ನೋಡುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ದೊಡ್ಡ ತಪ್ಪು ಮೊದಲ ಪುಟದಲ್ಲೇ ಇದೆ. "ಎಕ್ಸ್‌ರೇ ಚಿತ್ರದಲ್ಲಿ ಕೆಂಡದ ಅಲೆ ಧಗಧಗಿಸುತ್ತಾ ಸಾಗಿತು" ಎಂದಿದ್ದೀರಿ. ಕೆಂಡ ಕಾಣುವುದು ಮಾಮೂಲಿ ಕ್ಯಾಮೆರಾಗೆ, ಅದೂ ಬಿಲ್ಲೆಯ ಹೊರಮೈಯಲ್ಲಿ ಮಾತ್ರ. ಎಕ್ಸ್‌ರೇ ಕೊಡುವುದು ನೆರಳು. ಕಿರಣ ಹಾದುಹೋದ ದಾರಿಯಲ್ಲಿ ಎಷ್ಟು ವಸ್ತುವಿತ್ತು, ಅದರ ಪರಮಾಣುಗಳು ಎಷ್ಟು ಭಾರ, ಇಷ್ಟನ್ನೇ ಅದು ಹೇಳುತ್ತದೆ. ಬಿಸಿಯಿಂದ ವಸ್ತು ಕರಗಿ ಜಾಗ ಬದಲಿಸಿದರೆ, ಹಿಗ್ಗಿದರೆ, ಬಿರುಕು ಬಿಟ್ಟರೆ ಆಗ ನೆರಳು ಬದಲಾಗುತ್ತದೆ.

ಮೂರನೇ ಪುಟದ ನಿಕಲ್–ಅಲ್ಯೂಮಿನಿಯಂ ಬಿಲ್ಲೆಯನ್ನು ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ಜೀವ ಇರುವುದೇ ಅಲ್ಲಿ. ನಿಕಲ್‌ನ ಪರಮಾಣು ಸಂಖ್ಯೆ 28, ಅಲ್ಯೂಮಿನಿಯಂನದು 13, ಹಾಗಾಗಿ ನಿಕಲ್ ಕಣಗಳ ನೆರಳು ದಟ್ಟ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನಿಕಲ್ ಕರಗಲು 1,455 ಡಿಗ್ರಿ ಬೇಕು. ಅಂದರೆ ಅಲೆಯ ಅಂಚು ಬಂದಾಗ ಮೊದಲು ಅಲ್ಯೂಮಿನಿಯಂ ದ್ರವವಾಗಿ ನಿಕಲ್ ಕಣಗಳ ಸಂದುಗಳಿಗೆ ಇಳಿಯುತ್ತದೆ. ಕಣಗಳ ಚೂಪಾದ ಅಂಚು ಮಸುಕಾಗುತ್ತದೆ, ಅಲ್ಯೂಮಿನಿಯಂ ಕೂತಿದ್ದ ಕಡೆ ಟೊಳ್ಳು ಉಳಿಯುತ್ತದೆ. ಓದುಗರನ್ನು ಈ ಒಂದು ಕಣದ ಪಕ್ಕದಲ್ಲಿ ನಿಲ್ಲಿಸಿ. ಒಂದಿಡೀ ಪುಟ ಕೊಡಿ.

"ಅತಿ ವೇಗದ ಕ್ಯಾಮೆರಾ" ಎಂದಷ್ಟೇ ಬರೆದರೆ ಸಾಲದು, ಲೆಕ್ಕ ತೋರಿಸಿ. ಅಲೆ ಸೆಕೆಂಡಿಗೆ 10 ಸೆಂಟಿಮೀಟರ್ ಓಡುತ್ತಿದೆ ಎನ್ನೋಣ. ಒಂದು ಚಿತ್ರಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಅಲೆ 0.1 ಮಿಲಿಮೀಟರ್ ಸರಿದಿರುತ್ತದೆ. ಪುಡಿಯ ಕಣ ಅದಕ್ಕಿಂತ ಚಿಕ್ಕದಾಗಿದ್ದರೆ ಅಂಚೆಲ್ಲ ಕಲಸಿಹೋಗುತ್ತದೆ. 10 ಮೈಕ್ರೋಸೆಕೆಂಡ್‌ಗೆ ಇಳಿಸಿದರೆ ಸರಿದಾಟ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಆದರೆ ಅಷ್ಟು ಕಡಿಮೆ ಸಮಯದಲ್ಲಿ ಚಿತ್ರ ಮೂಡಲು ಕಿರಣ ಬಹಳ ಪ್ರಖರವಾಗಿರಬೇಕು. ಎಲೆಕ್ಟ್ರಾನ್‌ಗಳನ್ನು ಅತಿ ವೇಗವಾಗಿ ಸುತ್ತಿಸಿ ಪ್ರಖರ ಎಕ್ಸ್‌ರೇ ಹುಟ್ಟಿಸುವ ದೊಡ್ಡ ಯಂತ್ರ, ಸಿಂಕ್ರೊಟ್ರಾನ್, ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇದೇ. ನೀವು ಸಿಂಕ್ರೊಟ್ರಾನ್ ಹೆಸರು ಹೇಳಿದ್ದೀರಿ, ಕಾರಣ ಹೇಳಿಲ್ಲ.

ಒಂದು ಕಡೆ ನಿಕಲ್ ಕಪ್ಪಗೆ ಕಂಡಿತು ಎನ್ನುತ್ತೀರಿ, ಮುಂದಿನ ಪುಟದಲ್ಲಿ ಬೆಳ್ಳಗೆ. ಎರಡು ರೀತಿಯಲ್ಲೂ ಚಿತ್ರ ಮುದ್ರಿಸುತ್ತಾರೆ ನಿಜ. ಒಂದನ್ನು ಆರಿಸಿ ಕೊನೆಯವರೆಗೂ ಉಳಿಸಿಕೊಳ್ಳಿ.

ಈ ಬಗೆಯ ಉರಿಗಿರುವ "ಘನ ಜ್ವಾಲೆ" ಎಂಬ ಹೆಸರನ್ನು ನಂಬಿ ಟೈಟಾನಿಯಂ–ಕಾರ್ಬನ್ ಬಿಲ್ಲೆಯಲ್ಲಿ ಏನೂ ಕರಗುವುದಿಲ್ಲ ಎಂದು ಬರೆದದ್ದೂ ತಪ್ಪು. ಟೈಟಾನಿಯಂ 1,668 ಡಿಗ್ರಿಗೆ ಕರಗುತ್ತದೆ, ಆ ಉರಿ ಅದನ್ನು ಸಲೀಸಾಗಿ ದಾಟುತ್ತದೆ.

ಇತಿಹಾಸಕ್ಕೆ ಎರಡು ಪುಟ ಬೇಡ. 1967ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೊಗೊಲೊವ್ಕಾದಲ್ಲಿ ಮೆರ್ಜಾನೊವ್, ಬೊರೊವಿನ್ಸ್ಕಾಯಾ, ಶ್ಕಿರೊ ಎಂಬ ವಿಜ್ಞಾನಿಗಳು ಈ ಬಗೆಯ ಉರಿಯನ್ನು ಕಂಡುಕೊಂಡರು ಎಂಬ ಒಂದು ಸಾಲು ಸಾಕು.

ತಣ್ಣಗಾದ ಬಿಲ್ಲೆಯನ್ನು ಕತ್ತರಿಸಿ ನೋಡಿದರೆ ಟೊಳ್ಳುಗಳು ಸಿಗುತ್ತವೆ, ಅವು ಯಾವ ಕ್ಷಣದಲ್ಲಿ ಹುಟ್ಟಿದವು ಎಂಬುದು ಸಿಗುವುದಿಲ್ಲ ಎಂದು ನಡುವೆ ಎಲ್ಲೋ ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ವಾಕ್ಯ ಅದು. ಮುಂದಿನ ಪ್ರತಿಯನ್ನು ಅಲ್ಲಿಂದಲೇ ಶುರುಮಾಡಿ ಕಳಿಸಿ.