ಫಿಲ್ಟರ್, ಪ್ರೆಸ್, ಮೋಕಾ: ಮೂರಕ್ಕೂ ಒಂದೇ ಪುಡಿ ಆಗಲ್ಲ

ಪ್ರಶ್ನೆ: ನಮ್ಮ ಅಡುಗೆಮನೆಯಲ್ಲಿ ಈಗ ಕಾಫಿ ಮಾಡುವ ಮೂರು ಸಾಮಾನು ಸೇರಿಕೊಂಡಿವೆ. ಅತ್ತೆಯ ಕಾಲದ ಹಿತ್ತಾಳೆ ಫಿಲ್ಟರ್, ಮಗ ಬೆಂಗಳೂರಿನಿಂದ ತಂದ ಫ್ರೆಂಚ್ ಪ್ರೆಸ್, ಮಗಳು ಕಳಿಸಿದ ಮೋಕಾ ಪಾಟ್. ಮನೆಗೆ ತರುವ ಪುಡಿಯನ್ನೇ ಮೂರಕ್ಕೂ ಹಾಕಿ ನೋಡಿದೆ. ಪ್ರೆಸ್‌ನಲ್ಲಿ ಕೆಸರು ನೀರಿನಂತಾಯಿತು. ಮೋಕಾದ್ದು ಬರೀ ಕಹಿ, ಸೀದ ವಾಸನೆ. ಯಜಮಾನರು ‘ಹಳೇದೇ ಇರ್ಲಿ ಬಿಡು’ ಅಂತಾರೆ. ದುಡ್ಡು ಕೊಟ್ಟು ತಂದ ಸಾಮಾನು ಅಟ್ಟ ಸೇರಬೇಕಾ? ಯಾವುದು ಒಳ್ಳೇದು?
(ಗೃಹಿಣಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಅಕ್ಕಾ, ಎಡವಟ್ಟು ಎಲ್ಲಾಗಿದೆ ಅಂತ ನೀವೇ ಬರೆದಿದ್ದೀರಿ. ‘ಅದೇ ಪುಡಿಯನ್ನೇ ಮೂರಕ್ಕೂ’ ಅಂದಿರಲ್ಲ, ಅಲ್ಲೇ. ದೋಸೆಗೂ ಉದ್ದು, ಇಡ್ಲಿಗೂ ಉದ್ದು, ವಡೆಗೂ ಉದ್ದು. ಹಾಗಂತ ಮೂರನ್ನೂ ಒಂದೇ ಹದಕ್ಕೆ ರುಬ್ಬುತ್ತೀರಾ? ಇಲ್ಲ ಅಲ್ವಾ. ಕಾಫಿಯೂ ಹಾಗೇ.

ಪುಡಿ ಸಣ್ಣಗಿದ್ದಷ್ಟೂ ನೀರಿಗೆ ಬೇಗ ರುಚಿ ಬಿಡುತ್ತದೆ. ತರಿಯಾಗಿದ್ದರೆ ನಿಧಾನ. ಪ್ರೆಸ್‌ನಲ್ಲಿ ಪುಡಿ ನಾಲ್ಕು ನಿಮಿಷ ನೀರಲ್ಲೇ ನೆನೆಯುತ್ತದೆ. ಅದಕ್ಕೆ ದಪ್ಪ ರವೆಯಷ್ಟಾದರೂ ತರಿ ಇರಬೇಕು. ಫಿಲ್ಟರ್ ಪುಡಿ ಹಾಕಿದರೆ ಅರ್ಧ ಪುಡಿ ಜಾಲರಿ ದಾಟಿ ಲೋಟಕ್ಕೇ ಬರುತ್ತದೆ. ನಾನು ಒಮ್ಮೆ ಅವಸರಕ್ಕೆ ಹಾಗೇ ಮಾಡಿದ್ದೆ. ಜಾಲರಿಯನ್ನು ಒತ್ತುವ ಪ್ಲಂಜರ್ ಕೆಳಗೆ ಇಳಿಯಲೊಲ್ಲದು. ಜೋರಾಗಿ ಒತ್ತಿದೆ. ಬಿಸಿ ಕಾಫಿ ಮೂತಿಯಿಂದ ಚಿಮ್ಮಿ ಬಿಳಿ ಅಂಗಿಯೆಲ್ಲ ಹಾಳಾಯಿತು. ಅಂಗಿಯಲ್ಲಿ ಆ ಕಲೆ ಈಗಲೂ ಇದೆ.

ನಾನು ಕಾಫಿ ಬೀಜ ಹುರಿದು, ಪುಡಿ ಮಾಡಿ ಮಾರುವವನು. ‘ಯಾವುದು ಒಳ್ಳೇದು’ ಅಂತ ಯಾರೇ ಕೇಳಿದರೂ ನಾನು ತಿರುಗಿ ಕೇಳುವುದು ಒಂದೇ ಮಾತು. ಹಾಲು ಹಾಕ್ತೀರಾ, ಇಲ್ವಾ? ನಮ್ಮ ಕಡೆ ನೂರಕ್ಕೆ ತೊಂಬತ್ತು ಮನೆಯಲ್ಲಿ ಹಾಲು ಬೇಕೇ ಬೇಕು. ಅರ್ಧ ಲೋಟಕ್ಕಿಂತ ಜಾಸ್ತಿ ಹಾಲು ಬಿದ್ದರೂ ಕಾಫಿಯ ರುಚಿ ಮೇಲೆ ನಿಲ್ಲಬೇಕು ಅಂದರೆ ಡಿಕಾಕ್ಷನ್ ಗಟ್ಟಿ ಇರಬೇಕು. ಆ ಗಟ್ಟಿತನ ಕೊಡುವುದು ಫಿಲ್ಟರ್, ಅದು ಬಿಟ್ಟರೆ ಮೋಕಾ. ಪ್ರೆಸ್‌ನ ಕಾಫಿ ಕಪ್ಪಗೇ ಕುಡಿಯುವವರಿಗೆ. ಅದಕ್ಕೆ ಹಾಲು ಸುರಿದರೆ ಕಾಫಿ ವಾಸನೆಯ ಹಾಲು ಸಿಗುತ್ತದೆ, ಅಷ್ಟೇ. ಈಗ ಬೆಂಗಳೂರಿನ ಹುಡುಗರು ಪೇಪರ್ ಫಿಲ್ಟರ್ ಇಟ್ಟು ಮೇಲಿಂದ ಸಣ್ಣಗೆ ನೀರು ಹುಯ್ಯುತ್ತಾರಲ್ಲ, ಅದೂ ಕಪ್ಪು ಕಾಫಿಗೇ.

ಹಾಗಾಗಿ ನಿಮ್ಮ ಯಜಮಾನರ ಮಾತು ತಪ್ಪಲ್ಲ. ಆದರೆ ಆ ಹಿತ್ತಾಳೆ ಫಿಲ್ಟರಿನ ಒಳಗೆ ಒಮ್ಮೆ ನೋಡಿ. ಕಲಾಯಿ ಸವೆದು ಹಳದಿ ಕಾಣುತ್ತಿದ್ದರೆ ಮೊದಲು ಕಲಾಯಿ ಹಾಕಿಸಿ. ಕಾಫಿಯಲ್ಲಿ ಹುಳಿ ಇರುತ್ತದೆ, ಬರೀ ಹಿತ್ತಾಳೆಗೆ ಅದು ತಾಗಬಾರದು.

ಇನ್ನು ಫಿಲ್ಟರಿನ ಅಳತೆ. ದೊಡ್ಡ ಚಮಚದಲ್ಲಿ ನಾಲ್ಕು ಚಮಚ, ಅಂದರೆ ಸುಮಾರು 20 ಗ್ರಾಂ ಪುಡಿ ಹಾಕಿ. ಕೊಡೆಯಂಥ ತಟ್ಟೆಯಿಂದ ಮೆಲ್ಲಗೆ ಸಮ ಮಾಡಿ, ಅದುಮಬೇಡಿ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕಾಫಿಗೆ ಬೇಕಾದ್ದು 92ರಿಂದ 96. ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟರೆ ಸಾಕು. ಮೊದಲು ಪುಡಿ ನೆನೆಯುವಷ್ಟು ಮಾತ್ರ ನೀರು ಹಾಕಿ. ಬಗ್ಗಿ ನೋಡಿ. ಪುಡಿ ಉಬ್ಬಿ, ಅಂಚಿನಲ್ಲಿ ಗುಳ್ಳೆ ಎದ್ದು ಟಪ್ ಟಪ್ ಒಡೆದರೆ ಬೀಜ ಹುರಿದು ಜಾಸ್ತಿ ದಿನ ಆಗಿಲ್ಲ ಅಂತ ಅರ್ಥ. ಹುರಿದಾಗ ಒಳಗೆ ಸೇರಿದ ಗಾಳಿ ಹೊರಬರುವ ಲಕ್ಷಣ ಅದು. ಸುಮ್ನೆ ಕೆಸರಿನಂತೆ ಕೂತರೆ ಪುಡಿ ಹಳೇದು, ಯಾವ ಫಿಲ್ಟರೂ ಅದನ್ನು ಉಳಿಸಲ್ಲ. ಆಮೇಲೆ ಉಳಿದ ನೀರು ಹಾಕಿ, ಒಟ್ಟು 150 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿಯುತ್ತದೆ. ಹಾಗಾಗಿ ಕೆಳಗಿಳಿಯುವುದು 110 ಮಿಲಿ ಅಷ್ಟೇ. ಮೂರು ಲೋಟಕ್ಕೆ ಬೇಕಾದಷ್ಟಾಯಿತು. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್ ಇದೆಯಲ್ಲ, ಅದು ಬರೀ ಒಗರು. ನೆಂಟರು ದಿಢೀರ್ ಬಂದಾಗಲೂ ನಾನು ಅದನ್ನು ಮುಟ್ಟುವುದಿಲ್ಲ.

ಮೋಕಾ ಪಾಟ್ ಅಟ್ಟಕ್ಕೆ ಹಾಕಬೇಡಿ. 1933ರಲ್ಲಿ ಇಟಲಿಯಲ್ಲಿ ಬಂದ ಸಾಮಾನು ಅದು. ಕೆಳಗಿನ ನೀರು ಕಾದು, ಆವಿಯ ಒತ್ತಡಕ್ಕೆ ಪುಡಿಯೊಳಗಿಂದ ಮೇಲಕ್ಕೆ ನುಗ್ಗುತ್ತದೆ. ನಿಮ್ಮದು ಸೀದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ದೊಡ್ಡ ಉರಿ. ಎರಡು, ಕಾಫಿ ಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ. ನೀರು ತಾಗಿದರೆ ಚಿಕೋರಿ ಅಂಟಂಟಾಗಿ ದಾರಿ ಕಟ್ಟುತ್ತದೆ. ಮೋಕಾಗೆ ಚಿಕೋರಿ ಇಲ್ಲದ ಪುಡಿಯನ್ನೇ ತನ್ನಿ. ನೀರು ಪಕ್ಕದಲ್ಲಿರುವ ಸಣ್ಣ ವಾಲ್ವ್‌ಗಿಂತ ಕೆಳಗಿರಲಿ. ಪುಡಿಯನ್ನು ಒತ್ತಬೇಡಿ. ಸಣ್ಣ ಉರಿಯಲ್ಲಿಟ್ಟು, ಗೊರಗೊರ ಸದ್ದು ಬಂದ ಕೂಡಲೇ ಇಳಿಸಿ. ಆ ಸದ್ದು ಕೇಳಿಯೂ ಬಿಟ್ಟಿರೋ, ಕಹಿ ಗ್ಯಾರಂಟಿ. ನಮ್ಮ ಗ್ಯಾಸ್ ಒಲೆಯ ಮೇಲೆ ಸಣ್ಣ ಮೋಕಾ ನೆಟ್ಟಗೆ ನಿಲ್ಲುವುದಿಲ್ಲ, ಅದಕ್ಕೊಂದು ಸಣ್ಣ ಸ್ಟ್ಯಾಂಡ್ ತೆಗೆದುಕೊಳ್ಳಿ. ಬೆಳಿಗ್ಗೆ ಅವಸರದಲ್ಲಿ ಇದು ಐದಾರು ನಿಮಿಷದ ಕೆಲಸ. ಭಾನುವಾರ ಫಿಲ್ಟರ್, ವಾರದ ದಿನ ಮೋಕಾ. ನಮ್ಮ ಮನೆಯಲ್ಲಿ ನಡೆಯುವುದೇ ಹೀಗೆ.

ಪ್ರೆಸ್ ಮಗ ಬಂದಾಗ ಹೊರಗೆ ಬರಲಿ. ಅರ್ಧ ಲೀಟರ್ ನೀರಿಗೆ 30 ಗ್ರಾಂ ತರಿ ಪುಡಿ, ನಾಲ್ಕು ನಿಮಿಷ. ಪುಡಿ ಅಂಗಡಿಯಲ್ಲಿ ‘ಪ್ರೆಸ್‌ಗೆ’ ಅಂತ ಹೇಳಿದರೆ ಎದುರಿಗೇ ದಪ್ಪಗೆ ಒಡೆದು ಕೊಡುತ್ತಾರೆ.

ಪ್ರಶ್ನೆ: ರಾತ್ರಿ ಹಾಕಿದ ಡಿಕಾಕ್ಷನ್ ಬೆಳಿಗ್ಗೆಯಾದರೂ ಪೂರ್ತಿ ಇಳಿದಿರುವುದಿಲ್ಲ. ಫಿಲ್ಟರ್ ತಲೆಗೆ ತಟ್ಟಿ ತಟ್ಟಿ ಸಾಕಾಗಿದೆ.
(ಓದುಗರು, ಹರಿಹರ)

ಉತ್ತರ: ತಟ್ಟಬೇಡ್ರಿ, ತಟ್ಟಿದಷ್ಟೂ ಪುಡಿ ಇನ್ನೂ ಬಿಗಿಯಾಗುತ್ತದೆ. ಪ್ಯಾಕೆಟ್ ತಿರುಗಿಸಿ ನೋಡಿ. ಚಿಕೋರಿ ಎಷ್ಟು ಅಂತ ಅಲ್ಲಿ ಬರೆದಿರಲೇಬೇಕು. ಕಾನೂನಿನ ಪ್ರಕಾರ 49 ಪರ್ಸೆಂಟ್ ತನಕ ಬೆರೆಸಬಹುದು. 40 ಇದ್ದರೆ ಬಣ್ಣ ಗಟ್ಟಿ, ಇಳಿಯುವುದು ನಿಧಾನ. 20ರದ್ದು ತಂದು ನೋಡಿ. ಆಗಲೂ ಇಳಿಯದಿದ್ದರೆ ತೂತುಗಳಲ್ಲಿ ಹಳೇ ಚರಟ ಕೂತಿದೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದರೆ ಎಷ್ಟು ಮುಚ್ಚಿವೆ ಅಂತ ಕಾಣುತ್ತದೆ. ಸ್ಟೀಲಿನದಾದರೆ ಗ್ಯಾಸಿನ ಉರಿಯ ಮೇಲೆ ಒಂದು ನಿಮಿಷ ಹಿಡಿಯಿರಿ. ಚರಟ ಸುಟ್ಟು ಉದುರುತ್ತದೆ. ಕಲಾಯಿ ಹಾಕಿದ ಹಿತ್ತಾಳೆಗೆ ಮಾತ್ರ ಇದು ಬೇಡ, ಕಲಾಯಿ ಕರಗುತ್ತದೆ.

ಪ್ರಶ್ನೆ: ಕೊಲೆಸ್ಟ್ರಾಲ್ ಜಾಸ್ತಿ ಇದೆ. ಹೇಗೆ ಮಾಡಿದ ಕಾಫಿ ಕುಡಿಯಬಹುದು?
(ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಎಷ್ಟು ಕುಡಿಯಬೇಕು ಅನ್ನುವುದು ನಿಮ್ಮ ಡಾಕ್ಟರ ಮಾತು ಸರ್. ನನಗೆ ಗೊತ್ತಿರುವುದು ಇಷ್ಟು. ಕಾಫಿ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದಿದೆ, ಅದು ಕೊಲೆಸ್ಟ್ರಾಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ಬಹುತೇಕ ತಡೆಯುತ್ತದೆ, ಪ್ರೆಸ್‌ನ ಜಾಲರಿ ತಡೆಯುವುದಿಲ್ಲ. ಪುಡಿ ಕುದಿಸಿ ಹಾಗೇ ಬಗ್ಗಿಸಿದ ಕಾಫಿಯಲ್ಲಿ ಅದು ಜಾಸ್ತಿ.

ಪ್ರಶ್ನೆ: ದಾವಣಗೆರೆಯ ತಂಗಿ ಮನೆಯಲ್ಲಿ ಚೆನ್ನಾಗಿ ಬರುವ ಅದೇ ಪುಡಿ ನಮ್ಮಲ್ಲಿ ಸಪ್ಪೆ. ಫಿಲ್ಟರೂ ಒಂದೇ ತರದ್ದು. ನಮ್ಮದು ಬೋರ್ ನೀರು.
(ಓದುಗರು, ಚಿತ್ರದುರ್ಗ ತಾಲೂಕು)

ಉತ್ತರ: ನೀವೇ ಕಳ್ಳನನ್ನು ಹಿಡಿದಿದ್ದೀರಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದೆಯಾ? ಹಾಗಿದ್ದರೆ ನೀರು ಗಡಸು. ಅದರೊಳಗಿನ ಬೈಕಾರ್ಬನೇಟ್ ಕಾಫಿಯ ಹುಳಿಯನ್ನು ನುಂಗಿ ಹಾಕುತ್ತದೆ. ಆ ಸಣ್ಣ ಹುಳಿ ಹೋದರೆ ಕಾಫಿ ಸಪ್ಪೆ. ಕುದಿಸಿ, ಆರಿಸಿ, ತಳ ಬಿಟ್ಟು ಮೇಲಿನ ನೀರು ಬಗ್ಗಿಸಿಕೊಂಡರೆ ಗಡಸು ಸ್ವಲ್ಪ ಇಳಿಯುತ್ತದೆ. ಆದರೆ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗುವುದಿಲ್ಲ. ಆರ್‌ಒ ನೀರಿನ ಕಾಫಿಗೆ ರುಚಿ ಸಾಲದು ಅಂತ ಕೆಲವರು ಬೋರ್ ನೀರು ಬೆರೆಸುತ್ತಾರೆ. ನಿಮ್ಮ ಕಡೆ ಅದು ಬೇಡ. ಮುಂದಿನ ಸಲ ದುರ್ಗದ ಪೇಟೆಗೆ ಹೋದಾಗ ಪರಿಚಯದವರ ಮನೆಯಲ್ಲಿ ಶಾಂತಿಸಾಗರ ಕೆರೆಯಿಂದ ಬರುವ ನಲ್ಲಿ ನೀರು ಒಂದು ಬಾಟಲಿ ಹಿಡಿದು ತನ್ನಿ. ಅದೇ ಪುಡಿ, ಅದೇ ಅಳತೆ. ಎರಡು ಲೋಟ ಪಕ್ಕಪಕ್ಕ ಇಟ್ಟು ಹಾಲು ಹಾಕುವ ಮೊದಲೇ ಒಂದೊಂದು ಗುಟುಕು ಕುಡಿದು ನೋಡಿ, ಆಮೇಲೆ ಬರೆಯಿರಿ.