ಹಳೇ ಕಾರಿನ ಒರಿಜಿನಲ್ ಪಾರ್ಟ್‌ಗೆ ಇಷ್ಟೊಂದು ಬೆಲೆ ಯಾಕೆ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಕೊನೆಯ ಒಂದು ಕಾರಿದೆ. ಟೇಲ್ ಲೈಟ್ ಲೆನ್ಸ್ ಒಡೆದುಹೋಗಿದೆ. ಆ ಕಾಲದ್ದೇ ಒರಿಜಿನಲ್ ಲೆನ್ಸ್ ಒಂದು ಮಾರಾಟಕ್ಕಿದೆ, ಪ್ಯಾಕಿಂಗ್ ಕೂಡ ಬಿಚ್ಚಿಲ್ಲ. ಆದರೆ ಆ ಹಣಕ್ಕೆ ಎಂಜಿನ್ ಕೆಲಸವೇ ಮಾಡಿಸಬಹುದು! ಅಂಗೈಯಗಲದ ಪ್ಲಾಸ್ಟಿಕ್ಕಿಗೆ ಇಷ್ಟು ಬೆಲೆ ನ್ಯಾಯವಾ? ಕೊಳ್ಳಲಾ, ಬಿಡಲಾ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಮೊದಲು ಒಡೆದ ಲೆನ್ಸನ್ನು ಬಿಚ್ಚಿ, ಒರೆಸಿ, ಹಿಂದೆ ಮುಂದೆ ಸರಿಯಾಗಿ ನೋಡಿ. ದೀಪ ತಯಾರಿಸಿದ ಕಂಪನಿಯ ಹೆಸರು ಮತ್ತು ಒಂದು ನಂಬರ್ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ. ಕಾರು ಕಂಪನಿಯ ಪಾರ್ಟ್ ನಂಬರ್ ಬೇರೆ, ಇದು ಬೇರೆ. ಹುಡುಕಾಟವನ್ನು ಈ ನಂಬರಿನಿಂದ ಶುರು ಮಾಡಿ.

ಕಾರು ಕಂಪನಿಗಳು ದೀಪ, ಕಾರ್ಬ್ಯುರೇಟರ್, ಡೈನಮೋ, ಮೀಟರುಗಳನ್ನು ತಾವೇ ಮಾಡುತ್ತಿದ್ದದ್ದು ಕಡಿಮೆ. ಲೂಕಸ್, ಬಾಷ್, ಹೆಲ್ಲಾ ತರದ ಕಂಪನಿಗಳಿಂದ ತರಿಸಿಕೊಳ್ಳುತ್ತಿದ್ದವು. ಅವರು ಅದೇ ಮಾಲನ್ನು ಬೇರೆ ಕಾರುಗಳಿಗೂ ಕೊಡುತ್ತಿದ್ದರು. ಕಾರು ಕಂಪನಿಗಳು ಒಬ್ಬರಿಂದೊಬ್ಬರು ತೆಗೆದುಕೊಂಡದ್ದೂ ಉಂಟು. ಲೋಟಸ್ ಎಸ್ಪ್ರಿಯ ಬಾಗಿಲ ಹಿಡಿ ಮಾರಿಸ್ ಮರೀನಾದ್ದು. ಜಾಗ್ವಾರ್ ಎಕ್ಸ್‌ಜೆ220ರ ಹಿಂದಿನ ದೀಪ ರೋವರ್ 200ರದ್ದು. 1999ರಲ್ಲಿ ಹೊಸ ರೂಪ ಪಡೆದ ಲ್ಯಾಂಬೋರ್ಗಿನಿ ಡಯಾಬ್ಲೊಗೆ ಹಾಕಿದ್ದು ನಿಸಾನ್ 300ಝಡ್‌ಎಕ್ಸ್‌ನ ಹೆಡ್‌ಲೈಟ್. ಬಾಷ್‌ನ ಕೆ-ಜೆಟ್ರಾನಿಕ್ ಇಂಧನ ವ್ಯವಸ್ಥೆ ವೋಲ್ವೊದಲ್ಲೂ ಇದೆ, ಫೆರಾರಿಯಲ್ಲೂ ಇದೆ. ದುಬಾರಿ ಹೆಸರಿನ ಡಬ್ಬಿಯಲ್ಲಿ ಬಂದ ಪಾರ್ಟ್‌ಗೆ ಒಂದು ಬೆಲೆ, ಸಾದಾ ಡಬ್ಬಿಯಲ್ಲಿ ಬಂದದ್ದಕ್ಕೆ ಇನ್ನೊಂದು ಬೆಲೆ. ನಿಮ್ಮ ಲೆನ್ಸಿಗೂ ಇಂಥ ನೆಂಟರು ಇರಬಹುದು, ಹುಡುಕಿ. ಸ್ಕ್ರೂ ತೂತುಗಳ ಅಂತರ, ಇಂಡಿಕೇಟರಿನ ಬಣ್ಣ, ಅಂಚಿನ ಬಾಗು, ಈ ಮೂರನ್ನೂ ಹೋಲಿಸದೆ ಮಾತ್ರ ದುಡ್ಡು ಕೊಡಬೇಡಿ.

ಇನ್ನು ಬೆಲೆಯ ವಿಚಾರ. ಇಂಥ ಲೆನ್ಸ್ ಮಾಡಲು ಉಕ್ಕಿನ ಅಚ್ಚು ಬೇಕು. ಅಚ್ಚಿಗೆ ಭಾರಿ ಖರ್ಚು, ಒಳಗೆ ಸುರಿಯುವ ಪ್ಲಾಸ್ಟಿಕ್ಕಿಗೆ ಅತಿ ಕಡಿಮೆ. ಕಾರು ಸಾವಿರಗಟ್ಟಲೆ ತಯಾರಾಗುತ್ತಿದ್ದಾಗ ಆ ಖರ್ಚು ಎಲ್ಲ ಲೆನ್ಸುಗಳ ಮೇಲೆ ಹಂಚಿಹೋಗುತ್ತಿತ್ತು. ಕಾರಿನ ತಯಾರಿಕೆ ನಿಂತು ಕೆಲವು ವರ್ಷಗಳಾದ ಮೇಲೆ ಅಚ್ಚು ಸಾಮಾನ್ಯವಾಗಿ ಗುಜರಿಗೆ ಹೋಗುತ್ತದೆ. ಈಗ ಐವತ್ತು ಲೆನ್ಸ್ ಬೇಕೆಂದರೂ ಹೊಸ ಅಚ್ಚು ಮಾಡಬೇಕು, ಪೂರ್ತಿ ಖರ್ಚು ಆ ಐವತ್ತರ ಮೇಲೇ ಬೀಳುತ್ತದೆ. ಹಾಗಾಗಿ ಮಾಡುವವರು ಕಡಿಮೆ. ಉಳಿದಿರುವ ಹಳೇ ಸ್ಟಾಕಿಗೆ ಎಲ್ಲರೂ ಮುಗಿಬೀಳುತ್ತಾರೆ. ಮೊದಲಾದರೆ ರಿಪೇರಿಗೆ ಲಾಯಕ್ಕಿಲ್ಲ ಅಂತ ಬಿಟ್ಟ ಕಾರುಗಳನ್ನೂ ಈಗ ಮತ್ತೆ ಕಟ್ಟುತ್ತಿದ್ದಾರೆ, ಅವಕ್ಕೂ ಪಾರ್ಟ್ ಬೇಕಲ್ಲ.

ಕಾರು ಅಪರೂಪದ್ದಾದರೆ ಮಾತ್ರ ಪಾರ್ಟ್ ದುಬಾರಿ ಅಂದುಕೊಳ್ಳಬೇಡಿ. ಫೋಕ್ಸ್‌ವ್ಯಾಗನ್ ಬೀಟಲ್ ಎರಡು ಕೋಟಿಗೂ ಜಾಸ್ತಿ ತಯಾರಾಯಿತು. ಅದರ ಬಹುಪಾಲು ಪಾರ್ಟ್‌ಗಳು ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಆದರೆ 1953ರ ಮಾರ್ಚ್‌ಗೂ ಮೊದಲಿನ, ಹಿಂದಿನ ಗಾಜು ಎರಡು ಭಾಗವಾಗಿದ್ದ ಬೀಟಲ್ ಇಟ್ಟುಕೊಂಡವರನ್ನು ಕೇಳಿ ನೋಡಿ. ಸಣ್ಣ ಗುಬಟಿಗೂ ಪರದಾಡುತ್ತಾರೆ.

ಮಾರುವವರ ಲೆಕ್ಕವೂ ತಿಳಿದಿರಲಿ. ಈ ಒಂದು ತುಂಡು ಇಲ್ಲದಿದ್ದರೆ ನಿಮ್ಮ ಕಾರಿನ ಬೆಲೆ ಎಷ್ಟು ಇಳಿಯುತ್ತದೆ ಅಂತ ನೋಡಿ ಅವರು ರೇಟು ಹೇಳುತ್ತಾರೆ. ನೀವೂ ಅದೇ ಲೆಕ್ಕ ಹಾಕಿ. ಕಾರನ್ನು ಪ್ರದರ್ಶನದ ಸ್ಪರ್ಧೆಗೆ ಒಯ್ಯುವವರು ನೀವಾದರೆ, ಎಲ್ಲ ಹುಡುಕಿದ ಮೇಲೂ ಬೇರೆ ದಾರಿ ಕಾಣದಿದ್ದರೆ, ಆಗ ಕೊಳ್ಳಿ. ಭಾನುವಾರ ಮನೆಯವರ ಜೊತೆ ಸುತ್ತಾಡಲು ಮಾತ್ರ ಅಂದರೆ ಒಳ್ಳೆಯ ನಕಲು ಸಿಕ್ಕರೆ ಸಾಕು. ಅದರ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘E’ ಅಕ್ಷರ ಮತ್ತು ಒಂದು ಸಂಖ್ಯೆ ಇದೆಯಾ ನೋಡಿಕೊಳ್ಳಿ. ದೀಪ ಪರೀಕ್ಷೆಯಲ್ಲಿ ಪಾಸಾಗಿದೆ ಅನ್ನುವ ಗುರುತು ಅದು. ಕೆಲವು ನಕಲುಗಳಲ್ಲಿ ಬಣ್ಣ ತೆಳು, ಹಿಂದೆ ಬರುವವರಿಗೆ ಬ್ರೇಕ್ ಹಾಕಿದ್ದೇ ಕಾಣುವುದಿಲ್ಲ.

ನಿಮ್ಮ ಒಡೆದ ಲೆನ್ಸನ್ನು ಎಸೆಯಬೇಡಿ, ತುಂಡುಗಳನ್ನೂ ಸೇರಿಸಿ. ಎಲ್ಲ ತುಂಡುಗಳಿದ್ದರೆ ಅಂಟಿಸಿ ಅದರಿಂದಲೇ ಸಿಲಿಕೋನ್ ಅಚ್ಚು ತೆಗೆಯಬಹುದು. ಒಂದೋ ಎರಡೋ ಲೆನ್ಸ್ ಸುರಿದುಕೊಳ್ಳಲು ಅಷ್ಟು ಸಾಕು.

ಪ್ರಶ್ನೆ: ಐವತ್ತು ವರ್ಷ ಹಳೆಯ, ಬಳಸದೇ ಇರುವ ಒರಿಜಿನಲ್ ಬ್ರೇಕ್ ಮಾಸ್ಟರ್ ಸಿಲಿಂಡರ್ ಮತ್ತು ಹೋಸ್ ಸಿಕ್ಕಿವೆ. ಹಾಕಿಸಬಹುದಾ?

ಉತ್ತರ: ಹೋಸ್, ಅಂದರೆ ಬ್ರೇಕ್ ಎಣ್ಣೆ ಹರಿಯುವ ರಬ್ಬರ್ ಕೊಳವೆ, ಹಾಕಲೇಬೇಡಿ. ರಬ್ಬರ್ ಡಬ್ಬಿಯಲ್ಲಿದ್ದರೂ ಹಳತಾಗುತ್ತದೆ, ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಹೊರಗಿನಿಂದ ಹೊಸದರಂತೆ ಕಂಡರೂ ಒತ್ತಡ ಬಿದ್ದಾಗ ಒಡೆಯಬಹುದು. ಇಲ್ಲಿ ಒರಿಜಿನಲ್ ಅನ್ನುವ ಹಟ ಬೇಡ, ಜೀವದ ಪ್ರಶ್ನೆ ಇದು. ಹೊಸದಾಗಿ ತಯಾರಾದ ಹೋಸನ್ನೇ ಹಾಕಿಸಿ.

ಪೆಡಲ್ ಒತ್ತಿದಾಗ ಆ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಕತೆ ಬೇರೆ. ಅದರ ಬಾಡಿ ಲೋಹದ್ದು. ಒಳಗೆ ತುಕ್ಕು ತಿಂದಿದ್ದರೂ ಕೊರೆಸಿ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಲೀವ್ (ಒಳಕೊಳವೆ) ಕೂರಿಸಬಹುದು. ಆಮೇಲೆ ಹೊಸ ರಬ್ಬರ್ ಕಿಟ್ ಹಾಕಿಸಿ. ಹೊರನೋಟ ಹಳೆಯದು, ಕೆಲಸ ಹೊಸದರದ್ದು. ಈ ಕೆಲಸ ನಿಮ್ಮ ಕಾರಿನಲ್ಲಿ ಈಗಿರುವ ಸಿಲಿಂಡರ್‌ಗೂ ಆಗುತ್ತದೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಇನ್ನೊಂದು ಯಾಕೆ, ಅಲ್ವಾ? ಬ್ರೇಕ್ ಕೆಲಸ ಚೆನ್ನಾಗಿ ಬಲ್ಲವರ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಕಂಪನಿಗಳೇ ಹಳೇ ಕಾರುಗಳ ಪಾರ್ಟ್‌ಗಳನ್ನು ಮತ್ತೆ ತಯಾರಿಸುತ್ತಿವೆಯಂತೆ. ಅವನ್ನು ಒರಿಜಿನಲ್ ಅನ್ನಬಹುದಾ?

ಉತ್ತರ: ಓಡಿಸುವ ಮಟ್ಟಿಗೆ ಖಂಡಿತ ಅನ್ನಬಹುದು. ಪೋರ್ಶೆ 959 ಕಾರು ತಯಾರಾದದ್ದೇ 292. ಅದರ ಕ್ಲಚ್ಚಿನ ಒಂದು ಲಿವರ್‌ಗೆ ಅಚ್ಚು ಮಾಡಿಸುವುದು ಗಿಟ್ಟುವ ಮಾತಲ್ಲ. ಅದಕ್ಕೇ ಪೋರ್ಶೆ ಉಕ್ಕಿನ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ, 3ಡಿ ಪ್ರಿಂಟಿಂಗ್‌ನಲ್ಲಿ ಆ ಲಿವರ್ ಮಾಡಿತು. ನಿಸಾನ್ ತನ್ನ ಸ್ಕೈಲೈನ್ ಆರ್32 ಜಿಟಿ-ಆರ್‌ಗೆ, ಟೊಯೊಟಾ ತನ್ನ 2000ಜಿಟಿಗೆ ಪಾರ್ಟ್‌ಗಳನ್ನು ಮತ್ತೆ ತಂದಿವೆ. ಎಂಜಿಬಿ ಕಾರಿನ ಪೂರ್ತಿ ಬಾಡಿಯೇ 1988ರಿಂದ, ಹಳೇ ಡೈಗಳನ್ನೇ (ತಗಡು ಒತ್ತುವ ಅಚ್ಚುಗಳನ್ನೇ) ಬಳಸಿ ಮತ್ತೆ ತಯಾರಾಗತೊಡಗಿತು. ಇದನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಕಾರುಗಳು ರಸ್ತೆಗೆ ಬಂದದ್ದು ಇಂಥ ಕೆಲಸದಿಂದ.

ಸ್ಪರ್ಧೆಯ ಮಾತು ಬೇರೆ. ಒಂದೊಂದು ಕಡೆ ಒಂದೊಂದು ನಿಯಮ, ಮೊದಲೇ ಕೇಳಿಕೊಳ್ಳಿ. ಚಾಸಿ ನಂಬರಿನ ಜೊತೆ ಕಾರ್ಖಾನೆಯ ದಾಖಲೆಯಲ್ಲಿರುವ ಎಂಜಿನ್ ಬ್ಲಾಕ್ ಮತ್ತು ಗೇರ್‌ಬಾಕ್ಸ್‌ಗೆ ಹೊಸದು ಯಾವತ್ತೂ ಸಾಟಿಯಲ್ಲ. ಅವು ಸೀಳಿದ್ದರೂ ಬೆಸುಗೆ ಹಾಕಿಸಲು ನೋಡಿ. ದುಡ್ಡು ಸುರಿಯುವುದಾದರೆ ಅಲ್ಲಿ ಸುರಿಯಿರಿ. ಮತ್ತೆ ತಯಾರಾದ ಪಾರ್ಟ್ ಹಾಕಿಸಿದರೆ ಬಿಲ್ಲನ್ನು ಕಾರಿನ ಫೈಲಿನಲ್ಲಿಡಿ, ತೆಗೆದ ಹಳೆಯದಕ್ಕೆ ಚೀಟಿ ಕಟ್ಟಿ ಇಟ್ಟುಕೊಳ್ಳಿ. ಮುಂದೆ ಕಾರು ಮಾರುವಾಗ ಎರಡನ್ನೂ ಕೊಳ್ಳುವವರ ಕೈಗೆ ಕೊಡಿ.